ಶೋಶೋನಿ ಜನರೂ ಅವರ ಒಣನಾಡೂ

ಭೂಗೋಳಪಾಠವನ್ನು ಕಲಿಯುವಾಗ ಒಂದೊಂದು ದೇಶವನ್ನು ಒಂದೊಂದು ಮಾತಿನಿಂದ ಗುರುತಿಟ್ಟುಕೊಳ್ಳುವ ವಾಡಿಕೆ ನಮ್ಮಲ್ಲುಂಟು. ಐಗುಪ್ತವೆಂದರೆ ನೈಲ್ ನದಿ, ಹಾಲೆಂಡೆಂದರೆ ಕಡಲಕಟ್ಟೆಗಳು, ಅರಬಸ್ಥಾನವೆಂದರೆ ಮರಳು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮದಲ್ಲಿ ನೆವಾಡಾ, ಯೂಟಾ, ಐಡಹೋ ಎಂಬ ಸಂಸ್ಥಾನಗಳಿರುವ ಸೀಮೆಗೆ ನಮ್ಮ ಬೆರಳು ಬಂದಾಗ ಭೂಪಟದಲ್ಲಿ ಊರುಗಳ ಹೆಸರು ವಿರಳವಾಗುತ್ತವೆ. ನದಿಗಳ ಗೆರೆಗಳು ಸಮುದ್ರವನ್ನು ಮುಟ್ಟದೆ ನಡುವೆಯೇ ನಿಂತುಹೋಗುತ್ತವೆ. ಮರುಭೂಮಿ ಎಂದು ಹೇಳಿ ನಾವು ಮುಂದಕ್ಕೆ ಸಾಗುತ್ತೇವೆ. ಆದರೆ ಯುರೋಪಿನವರು ಆ ಖಂಡಕ್ಕೆ ಬರುವದಕ್ಕಿಂತ ಬಹುಕಾಲ ಮುಂಚಿನಿಂದ ಆ ಬರಿದಾದ ಸ್ಥಳದಲ್ಲಿ ಶೋಶೋನಿ ಎಂಬ ಜನರು ನೇಗಿಲನ್ನು ಹೂಡದೆ, ಹಿಂಡನ್ನು ಮೇಯಿಸದೆ ಸಂಸಾರ ನಡಿಸಿಕೊಂಡು ಬಂದರು. ಅವರು ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು ನೆವೆ. ಅದರ ಅರ್ಥವು ಜನರು ಎಂದಷ್ಟೇ. ಅವರು ಹೇಗೆ ಬದುಕಿದರು, ಆ ಬದುಕಿಗೆ ಬೇಕಾದ ವಿದ್ಯೆಯು ಯಾರ ಕೈಯಲ್ಲಿತ್ತು, ಅದನ್ನು ಕಣ್ಣಾರೆ ಕಂಡ ಪ್ರಯಾಣಿಕರು ಅದನ್ನು ವಿದ್ಯೆಯೆಂದು ಯಾಕೆ ತಿಳಿಯದೆ ಹೋದರು ಎಂಬದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ದೇಶದ ಸ್ವಭಾವವನ್ನು ತಿಳಿಯಬೇಕು. ಪಶ್ಚಿಮದಲ್ಲಿ ಸಿಯೆರ್ರಾ ನೆವಾಡಾ ಎಂಬ ಎತ್ತರವಾದ ಪರ್ವತಶ್ರೇಣಿಯೂ ಪೂರ್ವದಲ್ಲಿ ವಾಸಾಚ್ ಬೆಟ್ಟಗಳೂ ಇದ್ದು, ಇವುಗಳ ನಡುವೆ ಸುಮಾರು ೨ ಲಕ್ಷ ಚದರ ಮೈಲು ವಿಸ್ತಾರವಾದ ಸೀಮೆಯುಂಟು. ಅಲ್ಲಿ ಬಿದ್ದ ನೀರು ಯಾವ ಸಮುದ್ರಕ್ಕೂ ಹರಿಯದೆ ಒಳಗೇ ಇಂಗಿ ಅಥವಾ ಆವಿಯಾಗಿ ಹೋಗುವದರಿಂದ ಅದಕ್ಕೆ ಗ್ರೇಟ್ ಬೇಸಿನ್, ಅಂದರೆ ಮಹಾ ಬೋಗುಣಿ, ಎಂದು ಹೆಸರಾಯಿತು. ಹಂಬೋಲ್ಟ್ ಎಂಬ ನದಿಯು ೩೦೦ ಮೈಲಿಗೂ ಹೆಚ್ಚು ದೂರ ಹರಿದು ಕೊನೆಗೆ ಒಂದು ಜವುಳು ತಗ್ಗಿನಲ್ಲಿ ಮಾಯವಾಗುತ್ತದೆ. ಪಶ್ಚಿಮ ಸಮುದ್ರದಿಂದ ಬರುವ ಮೋಡಗಳು ಸಿಯೆರ್ರಾದ ಆಚೆಯ ಮಗ್ಗುಲಲ್ಲಿಯೇ ತಮ್ಮ ನೀರನ್ನು ಸುರಿಸಿಬಿಡುತ್ತವೆ. ಮಂಗಳೂರಿನಲ್ಲಿ ಮಳೆಗಾಲವನ್ನು ಕಂಡು ಘಟ್ಟ ಹತ್ತಿ ಚಳ್ಳಕೆರೆಯ ಕಡೆಗೆ ಹೋದವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆವಾಡಾದ ಕಣಿವೆಗಳಲ್ಲಿ ವರುಷವೆಲ್ಲಾ ಸೇರಿ ಬೀಳುವ ಮಳೆಯೂ ಹಿಮವೂ ೧೦ ಅಂಗುಲವನ್ನು ಮುಟ್ಟುವದೇ ಅಪರೂಪ. ಬೇಸಿಗೆಯಲ್ಲಿ ನೆಲ ಕಾಯುತ್ತದೆ; ಚಳಿಗಾಲದಲ್ಲಿ ಹಿಮ ಕಟ್ಟುತ್ತದೆ.

ಆದರೆ ಈ ಬೋಗುಣಿಯ ತಳವು ಸಮವಾದದ್ದಲ್ಲ. ಉತ್ತರದಿಂದ ದಕ್ಷಿಣಕ್ಕೆ ನೂರಾರು ಬೆಟ್ಟಸಾಲುಗಳು ಒಂದರ ಪಕ್ಕದಲ್ಲೊಂದು ಎದ್ದು ನಿಂತಿವೆ. ಕಣಿವೆಯ ನೆಲವೇ ೪೦೦೦ದಿಂದ ೬೦೦೦ ಅಡಿ ಎತ್ತರದಲ್ಲಿದ್ದರೆ, ಬೆಟ್ಟಗಳ ತಲೆಗಳು ೧೦೦೦೦ ಅಡಿಯನ್ನೂ ದಾಟುತ್ತವೆ. ತಗ್ಗಿನಲ್ಲಿ ಉಪ್ಪುನೆಲ, ಅದರ ಮೇಲೆ ಸೇಜ್‌ಬ್ರಷ್ ಎಂಬ ಬೂದುಬಣ್ಣದ ಪೊದೆ, ಅದಕ್ಕೂ ಮೇಲೆ ಗಿಡ್ಡ ಮರಗಳ ಕಾಡು, ತುದಿಯಲ್ಲಿ ಹಿಮವು ಕರಗಿ ಹುಟ್ಟುವ ತೊರೆಗಳು. (ಈ ಪೊದೆಯು ನಮ್ಮ ಮಾಲೆಗಳಲ್ಲಿ ಪರಿಮಳ ಬೀರುವ ದವನದ ಕುಲಕ್ಕೇ ಸೇರಿದ್ದು, ಮಳೆ ಬಿದ್ದಾಗ ಕಣಿವೆಯೆಲ್ಲಾ ಅದರ ಕಂಪಿನಿಂದ ತುಂಬುವದಂತೆ.) ಬೆಟ್ಟವನ್ನು ಹತ್ತಿದ ಹಾಗೆಲ್ಲಾ ಋತುವು ಹಿಂದಕ್ಕೆ ಸರಿಯುತ್ತದೆ. ಕಣಿವೆಯಲ್ಲಿ ಹುಲ್ಲಿನ ಕಾಳು ಬಲಿತು ಉದುರಿಹೋದ ವಾರದಲ್ಲಿ ಅದೇ ಕಾಳು ಮೇಲಿನ ಇಳಿಜಾರಿನಲ್ಲಿ ಇನ್ನೂ ಹಸುರಾಗಿರುವದು. ನೋಡುವವರಿಗೆ ಬರಡಾದ ಈ ಸೀಮೆಯಲ್ಲಿ ಆಹಾರವಿಲ್ಲವೆಂಬದು ನಿಜವಲ್ಲ. ಆಹಾರವುಂಟು, ಆದರೆ ಅದು ಎಲ್ಲಿಯೂ ರಾಶಿಯಾಗಿಲ್ಲ, ಯಾವಾಗಲೂ ಇಲ್ಲ, ಕಳೆದ ವರುಷವಿದ್ದ ಸ್ಥಳದಲ್ಲಿ ಈ ವರುಷವೂ ಇರುವದೆಂಬ ನಂಬಿಕೆಯಿಲ್ಲ. ಶೋಶೋನಿಯರ ಜೀವನವೆಲ್ಲಾ ಈ ಒಂದು ಕಷ್ಟಕ್ಕೆ ಕೊಟ್ಟ ಉತ್ತರವೆಂದೇ ನಮಗೆ ತೋರುತ್ತದೆ.

ಅವರ ಪಂಗಡಗಳ ಹೆಸರುಗಳನ್ನು ನೋಡಿರಿ. ಸಾಮನ್ ಮೀನು ತಿನ್ನುವವರು ಅಗೈಡೆಕಾ, ಬೆಟ್ಟದ ಕುರಿ ತಿನ್ನುವವರು ಟುಕುಡೆಕಾ, ಕಾಡೆಮ್ಮೆ ತಿನ್ನುವವರು ಕುಚುಂಡೆಕಾ. ಹೆಸರು ಕುಲದ್ದಲ್ಲ, ಅರಸನದ್ದೂ ಅಲ್ಲ, ಊಟದ್ದು. ಒಂದು ಸಂಸಾರವು ಒಂದು ಸೀಮೆಯನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಅಲ್ಲಿಯ ಆಹಾರವನ್ನುಂಡರೆ ಅದರ ಹೆಸರೂ ಬದಲಾಗಬಹುದಾಗಿತ್ತು. ಇವರೆಲ್ಲರ ಭಾಷೆ ಒಂದೇ. ಅದು ಮೆಕ್ಸಿಕೋ ದೇಶದ ಆಜ್ಟೆಕರ ಭಾಷೆಗೆ ದೂರದ ನಂಟಿರುವದು. ಪೂರ್ವದವರು ಈಗಿನ ವಯೋಮಿಂಗಿನ ಬಯಲಿನಲ್ಲಿಯೂ ಉತ್ತರದವರು ಐಡಹೋದ ಸ್ನೇಕ್ ನದಿಯ ಸುತ್ತಲೂ ಪಶ್ಚಿಮದವರು ನೆವಾಡಾದ ಒಣ ಕಣಿವೆಗಳಲ್ಲಿಯೂ ಇದ್ದರು. ನಾವು ಈ ಲೇಖನದಲ್ಲಿ ವಿಶೇಷವಾಗಿ ಪಶ್ಚಿಮದವರನ್ನು ಕುರಿತು ಹೇಳುತ್ತೇವೆ. ಯಾಕಂದರೆ ಅತ್ಯಂತ ಕಠಿಣವಾದ ಪಾಠವು ಅವರ ಪಾಲಿಗೆ ಬಂದಿತ್ತು.

ಹಿಮ ಕರಗುವ ವಸಂತಕಾಲವೇ ಹಸಿವಿನ ಕಾಲ. ಚಳಿಗಾಲದ ಕೂಡಿಟ್ಟ ಕಾಳು ತೀರುತ್ತಿರುವಾಗ ಸ್ತ್ರೀಯರು ತೊರೆಗಳ ಬದಿಯಲ್ಲಿ ಮೊದಲು ಚಿಗುರಿದ ಸೊಪ್ಪನ್ನು ಹುಡುಕುವರು. ಗಟ್ಟಿಮರದ ಮೊನೆಮಾಡಿದ ಕೋಲಿನಿಂದ ಗೆಡ್ಡೆಗಳನ್ನು ಅಗೆಯುವರು. ಬೇಸಿಗೆ ಬಂದಾಗ ಕಾಳಿನ ಸುಗ್ಗಿ. ಬಿತ್ತದೆ ಬೆಳೆಯುವ ಹುಲ್ಲುಗಳೂ ಸೂರ್ಯಕಾಂತಿಯ ಜಾತಿಯ ಗಿಡಗಳೂ ಕೆಲವೇ ದಿನಗಳೊಳಗೆ ಬಲಿತು ಉದುರಿಬಿಡುತ್ತವೆ. ಒಂದು ವಾರ ತಡವಾದರೆ ಆ ಕಣಿವೆಯ ಆಹಾರವು ಗಾಳಿಯ ಪಾಲು. ಯಾವ ಇಳಿಜಾರಿನಲ್ಲಿ ಯಾವ ಹುಲ್ಲು ಎಂದು ಬಲಿಯುವದೆಂಬದನ್ನು ಪಂಚಾಂಗವಿಲ್ಲದೆ ತಿಳಿದಿರಬೇಕಾಗಿತ್ತು. ಆ ಲೆಕ್ಕವು ಸ್ತ್ರೀಯರದ್ದು. ಅವರು ಬೀಸಣಿಗೆಯಂಥ ಹೆಣೆದ ಸಾಧನದಿಂದ ತೆನೆಗಳನ್ನು ಬಡಿದು ಕಾಳನ್ನು ಬುಟ್ಟಿಯೊಳಗೆ ಬೀಳಿಸುವರು. ಬುಟ್ಟಿಯು ಮೇಲೆ ಅಗಲವಾಗಿ ಕೆಳಗೆ ಚೂಪಾಗಿ ಬೆನ್ನಿಗೆ ಒರಗುವಂತಿದ್ದು, ಅದರ ಪಟ್ಟಿಯು ಹಣೆಯ ಮೇಲಾಗಲಿ ಎದೆಯ ಮೇಲಾಗಲಿ ಬರುವದು. ಕೈಗಳೆರಡೂ ಕೆಲಸಕ್ಕೆ ಬಿಡುವಾಗಿರುವವು.

ಈ ಬುಟ್ಟಿಯ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಸದಾ ಸಂಚರಿಸುವವರಿಗೆ ಮಣ್ಣಿನ ಮಡಕೆ ಭಾರ, ಒಡೆಯುವಂಥದ್ದು. ಆದದರಿಂದ ಅವರ ಮನೆಯ ಪಾತ್ರೆಪದಾರ್ಥಗಳಲ್ಲಿ ಹೆಚ್ಚಿನವು ಹೆಣಿಗೆಯವೇ. ತೊರೆಯ ಬದಿಯಲ್ಲಿ ಬೆಳೆಯುವ ಒಂದು ಗಿಡದ ಎಳೆಯ ಕಡ್ಡಿಗಳಿಂದ ಅವುಗಳನ್ನು ಹೆಣೆಯುವರು. ಕೀರ್ತನೆಗಳ ಪುಸ್ತಕದಲ್ಲಿ ನಾವು ಓದುವ ನೀರವಂಜಿ ಎಂಬ ಹೆಸರಿನಿಂದ ಅದನ್ನು ಕರೆಯಬಹುದು. ಕಡ್ಡಿಯನ್ನು ಎಲೆಯುದುರಿದ ಕಾಲದಲ್ಲಿ ಕೊಯ್ಯಬೇಕು. ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಎರಡು ಕೈಗಳಿಂದ ಮೂರು ಸೀಳಾಗಿ ಸಮವಾಗಿ ಸೀಳಬೇಕು. ಸಿಪ್ಪೆಯನ್ನು ಹೆರೆದು ಒಂದೇ ದಪ್ಪಕ್ಕೆ ತರಬೇಕು. ಕಾಳು ತೂರಲು ಮೊರ, ಹುರಿಯಲು ತಟ್ಟೆ, ಕೂಸನ್ನು ಹೊರಲು ತೊಟ್ಟಿಲು, ತಲೆಗೆ ಟೊಪ್ಪಿಗೆ, ಎಲ್ಲವೂ ಇದರಿಂದಲೇ. ನೀರಿನ ಹೂಜಿಯನ್ನೂ ಹೆಣೆದು ಅದಕ್ಕೆ ಪೈನ್ ಮರದ ಅಂಟನ್ನು ಕಾಯಿಸಿ ಸವರಿದರೆ ಒಂದು ಹನಿಯೂ ಸೋರದು. ಒಂದು ನೀರಿನ ಬುಗ್ಗೆಯಿಂದ ಮತ್ತೊಂದಕ್ಕೆ ಒಂದು ದಿನದ ದಾರಿಯಿರುವ ನಾಡಿನಲ್ಲಿ ಆ ಹೂಜಿಯೇ ಪ್ರಾಣ. ಇನ್ನೂ ಆಶ್ಚರ್ಯವೇನಂದರೆ, ಬುಟ್ಟಿಯಲ್ಲಿ ಅಡಿಗೆಯನ್ನೂ ಮಾಡುತ್ತಿದ್ದರು. ಬುಟ್ಟಿಯನ್ನು ಬೆಂಕಿಯ ಮೇಲಿಡುವದಕ್ಕಾಗದು. ಆದರೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಬುಟ್ಟಿಯಲ್ಲಿನ ಗಂಜಿಯೊಳಗೆ ಒಂದಾದ ಮೇಲೊಂದು ಹಾಕಿ ಕೈಬಿಡದೆ ಕದಡಿದರೆ ಗಂಜಿ ಕುದಿಯುವದು.

ಶರತ್ಕಾಲದಲ್ಲಿ ಎಲ್ಲರ ಕಣ್ಣೂ ಬೆಟ್ಟದ ನಡುಭಾಗದ ಕಡೆಗೆ ತಿರುಗುವದು. ಸುಮಾರು ೬೦೦೦ದಿಂದ ೮೦೦೦ ಅಡಿಯ ಎತ್ತರದಲ್ಲಿ ಪಿನ್ಯೋನ್ ಎಂಬ ಪೈನ್ ಜಾತಿಯ ಗಿಡ್ಡ ಮರಗಳ ಕಾಡುಂಟು. ಹಿಮಾಲಯದ ಕಡೆಯಿಂದ ಬರುವ ಚಿಲ್ಗೋಜವನ್ನು ತಿಂದವರಿಗೆ ಇದರ ಬೀಜವು ಎಂಥಾದ್ದೆಂದು ಸುಲಭವಾಗಿ ತಿಳಿಯುವದು. ಎರಡೂ ಒಂದೇ ಕುಲದವು. ಎಣ್ಣೆಯೂ ಸತ್ವವೂ ಉಳ್ಳ ಈ ಬೀಜವೇ ಪಶ್ಚಿಮ ಶೋಶೋನಿಯರ ಚಳಿಗಾಲದ ಅನ್ನ. ಸೆಪ್ಟೆಂಬರು ಅಕ್ಟೋಬರು ತಿಂಗಳುಗಳಲ್ಲಿ ಸಂಸಾರಗಳೆಲ್ಲಾ ಮೇಲಕ್ಕೆ ಹೋಗಿ, ಮೊದಲು ಪ್ರಾರ್ಥನೆಯನ್ನೂ ಕೈಕೈ ಹಿಡಿದು ವರ್ತುಲನೃತ್ಯವನ್ನೂ ಮಾಡಿ, ಆ ಮೇಲೆ ಕೊಯ್ಲಿಗೆ ಕೈಹಾಕುವರು. ಗಂಡಸರು ಉದ್ದವಾದ ಗಳುಗಳಿಂದ ಕಾಯಿಗಳನ್ನು ಕೆಡವುವರು. ಹೆಂಗಸರೂ ಮಕ್ಕಳೂ ಆರಿಸಿ ಬುಟ್ಟಿ ತುಂಬುವರು. ಹಸುರು ಕಾಯನ್ನು ಕುಳಿಯಲ್ಲಿ ಸುಟ್ಟರೆ ಅದು ಬಾಯ್ದೆರೆದು ಬೀಜವನ್ನು ಬಿಡುವದು.

ಬೀಜವನ್ನು ಹಿಟ್ಟು ಮಾಡುವ ಕ್ರಮವನ್ನು ಕೇಳಿರಿ. ಹೆಣೆದ ತಟ್ಟೆಯಲ್ಲಿ ಬೀಜವನ್ನೂ ಉರಿಯುವ ಕೆಂಡವನ್ನೂ ಒಟ್ಟಿಗೆ ಹಾಕಿ, ಒಂದು ಕ್ಷಣವೂ ನಿಲ್ಲಿಸದೆ ಮೇಲಕ್ಕೆ ಹಾರಿಸುತ್ತಾ ಹುರಿಯಬೇಕು. ನಿಲ್ಲಿಸಿದರೆ ತಟ್ಟೆ ಹೊತ್ತಿಕೊಳ್ಳುವದು. ಅವಸರಪಟ್ಟರೆ ಬೀಜ ಹಸಿಯಾಗಿ ಉಳಿಯುವದು. ಆ ಮೇಲೆ ಸಿಪ್ಪೆ ಮಾತ್ರ ಒಡೆಯುವಷ್ಟು ಮೆಲ್ಲಗೆ ಕಲ್ಲಿನ ಮೇಲೆ ಉರುಳಿಸಿ, ಮೊರದಲ್ಲಿ ತೂರಿ, ತಿರುಗಿ ಹುರಿದು, ಅರೆದು, ನೀರು ಬೆರಸಿ ಅಂಬಲಿ ಮಾಡುವರು. ನಮ್ಮ ಮನೆಗಳಲ್ಲಿ ಕೇರುವದನ್ನೂ ಹುರಿಯುವದನ್ನೂ ಚಿಕ್ಕಂದಿನಿಂದ ಬಲ್ಲ ವಾಚಕಿಯರಿಗೆ, ಬೆಂಕಿಯನ್ನು ಮೊರದಲ್ಲಿ ಕುಣಿಸುವ ಈ ಕೈಚಳಕವು ಎಷ್ಟು ವರುಷಗಳ ಅಭ್ಯಾಸದಿಂದ ಬರತಕ್ಕದ್ದೆಂದು ಊಹಿಸುವದು ಕಷ್ಟವಲ್ಲ.

ಆದರೆ ಆ ಮರವು ಪ್ರತಿವರುಷವೂ ಒಂದೇ ಸಮವಾಗಿ ಕಾಯುವದಿಲ್ಲ. ಒಂದು ಬೆಟ್ಟದಲ್ಲಿ ಒಳ್ಳೇ ಬೆಳೆ ಬಂದರೆ ಮತ್ತೆ ಅಂಥಾ ಬೆಳೆ ಬರುವದಕ್ಕೆ ಕೆಲವು ವರುಷ ಕಾಯಬೇಕು. ಮೊಗ್ಗು ಹುಟ್ಟಿದಂದಿನಿಂದ ಕಾಯಿ ಬಲಿಯುವ ವರೆಗೆ ಎರಡು ವರುಷಗಳಿಗಿಂತ ಹೆಚ್ಚು ಕಾಲ ಹಿಡಿಯುವದು. ಈ ಮಾತು ತೊಂದರೆಯಂತೆ ಕಾಣುವದಾದರೂ ಬಲ್ಲವರಿಗೆ ಅದೇ ಸಹಾಯ. ಈ ವರುಷದ ಕಾಯನ್ನು ಕೊಯ್ಯುವಾಗಲೇ ಕೊಂಬೆಯ ತುದಿಯಲ್ಲಿರುವ ಪುಟ್ಟ ಕಾಯಿಗಳನ್ನು ನೋಡಿ, ಬರುವ ವರುಷ ಈ ಬೆಟ್ಟಕ್ಕೆ ಬರಬೇಕೋ ಬೇರೆ ಕಡೆಗೆ ಹೋಗಬೇಕೋ ಎಂದು ನಿರ್ಣಯಿಸಬಹುದು. ಸಂಸಾರಗಳು ಸಂಧಿಸಿದಾಗ ಈ ಸುದ್ದಿಯನ್ನೇ ಮೊದಲು ಹಂಚಿಕೊಳ್ಳುವರು. ಒಂದು ಕಾಡಿನಲ್ಲಿ ಬೆಳೆ ಹುಲುಸಾದರೆ ದೂರದವರನ್ನೂ ಕರೆಯುವರು. ಯಾಕಂದರೆ ಒಂದು ಸಂಸಾರಕ್ಕೆ ಬೇಕಾದದಕ್ಕಿಂತ ಹೆಚ್ಚಾದದ್ದು ಉದುರಿ ಇಲಿ ಅಳಿಲುಗಳ ಪಾಲಾಗುವದು, ಮತ್ತು ಮುಂದಿನ ವರುಷ ಕರೆದವರೇ ಕರೆಸಿಕೊಳ್ಳಬೇಕಾಗಿ ಬಂದೀತು. ಕೂಡಿಸಿದ ಬೀಜವನ್ನು ಹುಲ್ಲು ಹಾಸಿದ ಕುಳಿಗಳಲ್ಲಿಟ್ಟು ಕಲ್ಲು ಮುಚ್ಚಿ, ಆ ಕಾಡಿನ ಅಂಚಿನಲ್ಲಿಯೇ ಚಳಿಗಾಲದ ಗುಡಿಸಲುಗಳನ್ನು ಹಾಕಿಕೊಳ್ಳುವರು. ಕಾಳನ್ನು ಮನುಷ್ಯರಿರುವಲ್ಲಿಗೆ ಹೊತ್ತು ತರುವದಕ್ಕಿಂತ ಮನುಷ್ಯರೇ ಕಾಳಿರುವಲ್ಲಿಗೆ ಹೋಗುವದು ಅವರ ನೀತಿ.

ಮೊಲದ ಬೇಟೆಯ ಕಾಲವೂ ಇದೇ. ಒಂದು ಬಗೆಯ ಕಾಡು ಗಿಡದ ನಾರನ್ನು ತೊಡೆಯ ಮೇಲೆ ಹೊಸೆದು ಎರಡು ಮೂರು ಅಡಿ ಎತ್ತರವೂ ನೂರಾರು ಅಡಿ ಉದ್ದವೂ ಆದ ಬಲೆಗಳನ್ನು ಮಾಡುವರು. ಅನೇಕ ಸಂಸಾರಗಳ ಬಲೆಗಳನ್ನು ಸೇರಿಸಿ ಕಣಿವೆಗೆ ಅಡ್ಡವಾಗಿ ಕಟ್ಟಿ, ಮಕ್ಕಳು ಮುದುಕರೆನ್ನದೆ ಎಲ್ಲರೂ ಕೂಗುತ್ತಾ ಮೊಲಗಳನ್ನು ಅಟ್ಟುವರು. ಮಾಂಸವು ಕೆಲವು ದಿನಗಳ ಊಟವಾದರೆ ಚರ್ಮವು ವರುಷಗಟ್ಟಲೆಯ ಬೆಚ್ಚಗೆ. ಚರ್ಮವನ್ನು ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ರೋಮವೆಲ್ಲಾ ಹೊರಕ್ಕೆ ಬರುವಂತೆ ತಿರಿಚಿ, ಆ ಹಗ್ಗಗಳನ್ನು ಸಾಲಾಗಿಟ್ಟು ನಾರಿನಿಂದ ನೇಯುವರು. ದೊಡ್ಡವರ ಒಂದು ಹೊದಿಕೆಗೆ ಹಲವು ಹತ್ತು ಮೊಲಗಳು ಬೇಕು. ಹಗಲಲ್ಲಿ ಅದು ಉಡುಪು, ರಾತ್ರಿಯಲ್ಲಿ ಹಾಸಿಗೆ. ಜಿಂಕೆಗಳನ್ನು ಅಟ್ಟಿ ದೊಡ್ಡಿಯೊಳಗೆ ಕೂಡುವ ಬೇಟೆಯೂ ಉಂಟು. ಆದರೆ ಅದನ್ನು ಅಪರೂಪವಾಗಿ ಮಾಡುವರು, ಯಾಕಂದರೆ ಒಂದು ಸಾರಿ ಹಿಂಡನ್ನು ಹಿಡಿದರೆ ಅದು ತಿರಿಗಿ ಹೆಚ್ಚಲು ಅನೇಕ ವರುಷ ಬೇಕು.

ಅವರು ಮಿಡತೆಗಳನ್ನು ತಿನ್ನುತ್ತಿದ್ದರೆಂದು ಕೇಳಿ ನಮ್ಮಲ್ಲಿ ಕೆಲವರು ಮುಖ ತಿರುಗಿಸಬಹುದು. ಸ್ನಾನಿಕನಾದ ಯೋಹಾನನ ಊಟವನ್ನು ನೆನಸಿದರೆ ನಾವು ಅಷ್ಟು ಅವಸರಪಡಲಾರೆವು. ೧೮೪೭ರಲ್ಲಿ ಮಾರ್ಮನ್ ಮತದವರು ಉಪ್ಪಿನ ಸರೋವರದ ಬಳಿಗೆ ಬಂದು ನೆಲೆಸಿದರು. ಮರುವರುಷ ಹಾರಲಾರದ ದೊಡ್ಡ ಮಿಡತೆಗಳ ದಂಡು ಅವರ ಪೈರಿನ ಮೇಲೆ ಬಿದ್ದು ಅವರು ಉಪವಾಸಕ್ಕೆ ಹೆದರಿದರು. ಅದೇ ಹುಳುಗಳನ್ನು ಆ ದೇಶದವರು ಕಂದಕಗಳೊಳಗೆ ಅಟ್ಟಿ, ಹುರಿದು, ಹಿಟ್ಟು ಮಾಡಿ, ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಒಬ್ಬರ ಬರಗಾಲವು ಇನ್ನೊಬ್ಬರ ಸುಗ್ಗಿಯಾಗಿತ್ತು.

ಇಂಥ ನಾಡಿನಲ್ಲಿ ದೊಡ್ಡ ಊರು ಇರಲಾರದು. ವರುಷದ ಹೆಚ್ಚಿನ ಭಾಗವನ್ನು ಒಂದೆರಡು ಸಂಸಾರಗಳು ಮಾತ್ರ ಸೇರಿ ಕಳೆಯುತ್ತಿದ್ದವು. ಬೀಜದ ಕೊಯ್ಲಿಗೂ ಮೊಲದ ಬೇಟೆಗೂ ಚಳಿಗಾಲದ ಬಿಡಾರಕ್ಕೂ ಕೂಡುತ್ತಿದ್ದವು. ಜೂಲಿಯನ್ ಸ್ಟುವರ್ಡ್ ಎಂಬ ಮಾನವಶಾಸ್ತ್ರಜ್ಞರು ೧೯೩೫-೩೬ರಲ್ಲಿ ಅಲ್ಲಿಯ ಹಿರಿಯರನ್ನು ವಿಚಾರಿಸಿ ೧೯೩೮ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ನಮಗೆ ಈಗ ತಿಳಿದಿರುವದರಲ್ಲಿ ಬಹು ಭಾಗವು ಅದರಿಂದ ಬಂದದ್ದು. ಆದರೂ ಸಂಸಾರವು ಒಂಟಿಯಾಗಿತ್ತೆಂಬದನ್ನು ಅವರು ಅತಿಯಾಗಿ ಎತ್ತಿಹೇಳಿದರೆಂದು ಆ ಮೇಲಿನ ವಿದ್ವಾಂಸರು ಆಕ್ಷೇಪಿಸಿದ್ದಾರೆ. ನಮಗೂ ಆ ಆಕ್ಷೇಪವು ಸರಿಯೆಂದೇ ತೋರುತ್ತದೆ. ಸುದ್ದಿಯನ್ನು ಹಂಚಿಕೊಳ್ಳದೆ, ನೆರೆಯ ಕಣಿವೆಯಲ್ಲಿ ನಂಟರಿಲ್ಲದೆ, ಅಲ್ಲಿ ಯಾರೂ ಒಂದು ಕೆಟ್ಟ ವರುಷವನ್ನು ದಾಟುವಂತಿರಲಿಲ್ಲ.

ಅವರು ನೆಲವನ್ನು ಕೇವಲ ಇದ್ದ ಹಾಗೆ ಬಿಟ್ಟವರೂ ಅಲ್ಲ. ಮಧ್ಯ ನೆವಾಡಾದ ಕೆಲವು ಕಣಿವೆಗಳಲ್ಲಿ ಶರತ್ಕಾಲದಲ್ಲಿ ಪೊದೆಗಳನ್ನು ಸುಟ್ಟು ವಸಂತದಲ್ಲಿ ಆ ಬೂದಿಯ ಮೇಲೆ ಕಾಡು ಕಾಳನ್ನು ಎರಚುತ್ತಿದ್ದರು. ಕುದುರೆಯ ವಿಷಯದಲ್ಲಿ ಅವರು ಮಾಡಿದ ನಿರ್ಣಯವು ಇನ್ನೂ ವಿಶೇಷವಾದದ್ದು. ಸ್ಪೇನಿನವರು ತಂದ ಕುದುರೆಗಳು ಸುಮಾರು ೧೭೦೦ರ ಹೊತ್ತಿಗೆ ಉತ್ತರ ಮತ್ತು ಪೂರ್ವದ ಶೋಶೋನಿಯರ ಕೈಸೇರಿದವು. ಅಲ್ಲಿ ಹುಲ್ಲು ಸಮೃದ್ಧಿ. ಅವರು ಸವಾರರಾಗಿ ಕಾಡೆಮ್ಮೆಗಳನ್ನು ಬೇಟೆಯಾಡಿ, ಚರ್ಮದ ಡೇರೆಗಳಲ್ಲಿ ವಾಸಿಸಿ, ದಂಡುಗಳಾಗಿ ಸಂಚರಿಸಿ, ನಾಯಕರನ್ನು ಆರಿಸಿಕೊಂಡರು. ಪಶ್ಚಿಮದವರಾದರೋ ಕುದುರೆಯನ್ನು ಕಂಡಿದ್ದರೂ ಬಹುಕಾಲ ಸಾಕಲಿಲ್ಲ. ಕುದುರೆ ಮೇಯುವ ಹುಲ್ಲೇ ತಾವು ಉಣ್ಣುವ ಕಾಳಿನ ಹುಲ್ಲು. ಒಂದು ಕುದುರೆ ಹೊಟ್ಟೆ ತುಂಬಿಸಿಕೊಂಡರೆ ಒಂದು ಸಂಸಾರದ ಬುಟ್ಟಿ ಬರಿದಾಗುವದು. ನಡೆದು ಹೋಗುವವರನ್ನು ಕುದುರೆಯ ಮೇಲಿನವರು ಬಡವರೆಂದು ಎಣಿಸಿದರು.

ಈ ವಿದ್ಯೆಯನ್ನು ಕಲಿಸಿದವರು ಯಾರು? ತಾಯಂದಿರು ಬೆಳಿಗ್ಗೆಯಿಂದ ಸಂಜೆಯ ವರೆಗೆ ಕಾಳು ಕೂಡಿಸುತ್ತಿರುವಾಗ ಮಕ್ಕಳು ಅಜ್ಜಿಯ ವಶದಲ್ಲಿರುತ್ತಿದ್ದರು. ಶೋಶೋನಿ ಭಾಷೆಯಲ್ಲಿ ತಾಯಿಯ ತಾಯಿಯೂ ಆಕೆಯ ಮೊಮ್ಮಗಳೂ ಒಬ್ಬರನ್ನೊಬ್ಬರು ಒಂದೇ ಪದದಿಂದ ಕರೆಯುವರು. ಹಿಮ ಬಿದ್ದ ದೀರ್ಘ ರಾತ್ರಿಗಳಲ್ಲಿ ಗುಡಿಸಲಿನ ಬೆಂಕಿಯ ಸುತ್ತ ತೋಳನೂ ಅವನ ತಂಟೆಕೋರ ತಮ್ಮನಾದ ಕಾಡುನಾಯಿಯೂ ಹೂಡಿದ ಸಾಹಸಗಳನ್ನು ಹೇಳುತ್ತಿದ್ದರು. ಪಿನ್ಯೋನ್ ಬೀಜವು ಈ ನಾಡಿಗೆ ಹೇಗೆ ಬಂತೆಂಬದೂ ಆ ಕಥೆಗಳಲ್ಲೊಂದು. ಬೇಸಿಗೆಯಲ್ಲಿ ಕಥೆ ಹೇಳಬಾರದೆಂಬ ಕಟ್ಟಳೆಯಿತ್ತು. ಬೇಸಿಗೆಯಲ್ಲಿ ಯಾರಿಗೂ ಬಿಡುವಿಲ್ಲದ್ದರಿಂದ ಇದು ನಮಗೆ ಬಹಳ ಜಾಣ ಕಟ್ಟಳೆಯಾಗಿ ಕಾಣುತ್ತದೆ.

ಶೋಶೋನಿ ಸ್ತ್ರೀಯೊಬ್ಬಳ ಹೆಸರು ಚರಿತ್ರೆಯಲ್ಲಿ ಪ್ರಖ್ಯಾತವಾಗಿರುವದು. ಸಕಗವೀಯಾ ಎಂಬವಳು ಐಡಹೋದ ಬೆಟ್ಟಗಳ ಅಗೈಡೆಕಾ ಪಂಗಡದವಳು. ಸುಮಾರು ಹನ್ನೆರಡು ವರುಷದವಳಾಗಿದ್ದಾಗ ಬೇರೊಂದು ಜನಾಂಗದವರು ಅವಳನ್ನು ಸೆರೆಹಿಡಿದು ಪೂರ್ವಕ್ಕೆ ಒಯ್ದರು. ೧೮೦೪ರಿಂದ ೧೮೦೬ರ ವರೆಗೆ ಖಂಡವನ್ನು ದಾಟಿ ಪಶ್ಚಿಮ ಸಮುದ್ರವನ್ನು ಕಂಡುಬಂದ ಲೂಯಿಸ್ ಮತ್ತು ಕ್ಲಾರ್ಕ್ ಎಂಬವರ ದಂಡಿನ ಸಂಗಡ, ಎರಡು ತಿಂಗಳ ಕೂಸನ್ನು ಹೊತ್ತುಕೊಂಡು ಅವಳು ಹೊರಟಳು. ಆಗ ಅವಳಿಗೆ ಹದಿನಾರು ಹದಿನೇಳು ವರುಷ. ಪ್ರಯಾಣ ಹೊರಟ ಎರಡು ದಿನಗಳಿಗೆ, ೧೮೦೫ನೇ ಏಪ್ರಿಲ್ ೯ರಲ್ಲಿ, ದಂಡು ಊಟಕ್ಕೆ ನಿಂತಾಗ ಅವಳು ಒಂದು ಚೂಪಾದ ಕೋಲನ್ನು ತೆಗೆದುಕೊಂಡು ನದಿಯ ಬದಿಯಲ್ಲಿ ಕೊಚ್ಚಿ ಬಂದಿದ್ದ ಮರದ ತುಂಡುಗಳ ಬಳಿ ನೆಲವನ್ನು ಚುಚ್ಚಿ ನೋಡುತ್ತಾ ಹೋದಳು. ಇಲಿಗಳು ಚಳಿಗಾಲಕ್ಕಾಗಿ ಕೂಡಿಟ್ಟಿದ್ದ ಗೆಡ್ಡೆಗಳ ಉಗ್ರಾಣವು ಸಿಕ್ಕಿತು. ಬಹು ಗೆಡ್ಡೆಗಳನ್ನು ತಂದಳು. ಬಂದೂಕುಗಳೂ ದಿಕ್ಸೂಚಿಗಳೂ ಇದ್ದ ಆ ಗಂಡಸರ ನಡುವೆ ಇಲಿಯ ಕಣಜವೆಲ್ಲಿರುವದೆಂದು ತಿಳಿದಿದ್ದವಳು ಅವಳೊಬ್ಬಳೇ. ಅವಳನ್ನು ದಾರಿತೋರಿಸಿದವಳೆಂದು ಶಿಲ್ಪಗಳಲ್ಲಿ ಕೈಚಾಚಿ ನಿಲ್ಲಿಸಿದ್ದಾರೆ. ನಮಗಾದರೋ ಕೋಲು ಹಿಡಿದು ಬೊಗ್ಗಿದ ಸಕಗವೀಯಾ ಹೆಚ್ಚು ನಿಜವಾಗಿ ಕಾಣುತ್ತಾಳೆ. ಅದೇ ವರುಷದ ಆಗಸ್ಟಿನಲ್ಲಿ ಅವರು ಶೋಶೋನಿಯರನ್ನು ಸಂಧಿಸಿದಾಗ ಅಲ್ಲಿಯ ನಾಯಕನಾದ ಕಾಮೆಯವೇಟನು ಅವಳ ಅಣ್ಣನೆಂದು ತಿಳಿದುಬಂತು. ಆ ಜನರು ಆಗ ಹಸಿದಿದ್ದರು. ಬಂದೂಕುಗಳುಳ್ಳ ಶತ್ರುಗಳ ಭಯದಿಂದ ಅವರು ಕಾಡೆಮ್ಮೆಗಳ ಬಯಲಿಗೆ ಇಷ್ಟಬಂದಾಗ ಇಳಿಯಲಾರದೆ ಬೆಟ್ಟಗಳಲ್ಲಿ ಹಣ್ಣು ಗೆಡ್ಡೆಗಳನ್ನು ತಿನ್ನುತ್ತಿದ್ದರು. ಅವರ ಹಸಿವು ನೆಲದ ದೋಷದಿಂದ ಮಾತ್ರ ಬಂದದ್ದಲ್ಲ.

೧೮೪೦ರ ದಶಕದಿಂದ, ವಿಶೇಷವಾಗಿ ೧೮೪೯ರ ಚಿನ್ನದ ಆಶೆಯಿಂದ, ಸಾವಿರಾರು ಬಂಡಿಗಳು ಹಂಬೋಲ್ಟ್ ನದಿಯ ಬದಿಯಲ್ಲಿ ಕ್ಯಾಲಿಫೋರ್ನಿಯಕ್ಕೆ ಹೋದವು. ಗೆಡ್ಡೆ ಅಗೆಯುವ ಸ್ತ್ರೀಯರನ್ನು ನೋಡಿ ಆ ಪ್ರಯಾಣಿಕರು ಈ ಜನರಿಗೆಲ್ಲಾ ಅಗೆಯುವವರೆಂದು ತಿರಸ್ಕಾರದ ಹೆಸರನ್ನಿಟ್ಟರು. ಪ್ರಸಿದ್ಧ ಹಾಸ್ಯಗಾರನಾದ ಮಾರ್ಕ್ ಟ್ವೇನನೂ ೧೮೭೨ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಗೋಶೂಟರೆಂಬ ಶೋಶೋನಿ ಪಂಗಡವನ್ನು ಕುರಿತು ಮನುಷ್ಯರಲ್ಲಿ ಕಡೆಯವರೆಂಬಂತೆ ಬರೆದನು. ಅವನು ಕಂಡದ್ದು ಹಸಿದು ಚಿಂದಿಯುಟ್ಟವರನ್ನು, ಸಂದೇಹವಿಲ್ಲ. ಆದರೆ ಅವನು ಕಂಡ ಕಾಲ ಯಾವದು? ಬಂಡಿಗಳ ಎತ್ತುಗಳೂ ನೆಲೆಸಿದವರ ದನಕರುಗಳೂ ನದಿಬದಿಯ ಕಾಳಿನ ಹುಲ್ಲನ್ನು ಬುಡದ ತನಕ ಮೇಯ್ದ ಮೇಲಿನ ಕಾಲ. ನೀರಿನ ಬುಗ್ಗೆಗಳ ಸುತ್ತ ಬೇಲಿ ಬಿದ್ದ ಮೇಲಿನ ಕಾಲ. ಉಗ್ರಾಣವನ್ನು ಸೂರೆಮಾಡಿದ ಮೇಲೆ ಮನೆಯವಳಿಗೆ ಅಡಿಗೆ ಬಾರದೆಂದು ಹೇಳಿದಂತಾಯಿತು.

ಐಡಹೋದಲ್ಲಿ ಕಾಮಸ್ ಎಂಬ ನೀಲಿ ಹೂವಿನ ಗೆಡ್ಡೆ ಬೆಳೆಯುವ ವಿಶಾಲವಾದ ಹುಲ್ಲುಗಾವಲುಂಟು. ೧೮೬೮ರ ಫೋರ್ಟ್ ಬ್ರಿಡ್ಜರ್ ಒಡಂಬಡಿಕೆಯಲ್ಲಿ ಆ ಸ್ಥಳವನ್ನು ಶೋಶೋನಿಯರ ನೆರೆಯವರಾದ ಬ್ಯಾನಕರಿಗೆ ಮೀಸಲಿಡುವ ಮಾತು ಬಂದಾಗ ಕಾಮಸ್ ಎಂಬಲ್ಲಿ ಕಾನ್ಸಾಸ್ ಎಂದು ಬರೆದುಬಿಟ್ಟರು. ಆ ಹುಲ್ಲುಗಾವಲು ಅವರ ಕೈಗೆ ಬರಲೇ ಇಲ್ಲ. ಹೊಸಬರ ಹಂದಿಗಳು ಗೆಡ್ಡೆಗಳನ್ನು ಕಿತ್ತು ತಿಂದವು. ೧೮೭೮ರಲ್ಲಿ ಬ್ಯಾನಕರು ಯುದ್ಧಕ್ಕೆ ಎದ್ದರು, ಸೋತರು. ನೆವಾಡಾದಲ್ಲಿ ಬೆಳ್ಳಿಯ ಗಣಿಗಳು ಹುಟ್ಟಿದಾಗ ಅದುರನ್ನು ಕರಗಿಸಲು ಇದ್ದಲು ಬೇಕಾಯಿತು. ಯುರೇಕಾ ಎಂಬ ಗಣಿಯೂರಿನ ಸುತ್ತ ೧೮೭೦ರ ದಶಕದಲ್ಲಿ ಹತ್ತಾರು ಮೈಲು ದೂರದ ವರೆಗೆ ಪಿನ್ಯೋನ್ ಕಾಡನ್ನು ಕಡಿದು ಸುಟ್ಟರು. ೧೯೫೦ ಮತ್ತು ೬೦ರ ದಶಕಗಳಲ್ಲಿಯೂ ದನಗಳಿಗೆ ಹುಲ್ಲು ಬೆಳೆಸುವ ಉದ್ದೇಶದಿಂದ, ಹಡಗಿನ ಲಂಗರಿನ ಸರಪಣಿಯನ್ನು ಎರಡು ಟ್ರಾಕ್ಟರುಗಳಿಗೆ ಕಟ್ಟಿ ಎಳೆಸಿ, ಇಂಥಾ ಕಾಡುಗಳನ್ನು ಬೇರುಸಹಿತ ಉರುಳಿಸಿದರು.

ಎಲ್ಲಕ್ಕಿಂತ ಕಠೋರವಾದದ್ದು ೧೮೬೩ನೇ ಜನವರಿ ೨೯ರಂದು ನಡೆಯಿತು. ವಾಯವ್ಯದ ಪಂಗಡದವರು ಬೇರ್ ನದಿಯ ಬದಿಯಲ್ಲಿ, ಬಿಸಿನೀರಿನ ಬುಗ್ಗೆಗಳಿರುವ ತಗ್ಗಿನಲ್ಲಿ, ನೀರವಂಜಿ ಪೊದೆಗಳ ಮರೆಯಲ್ಲಿ ಚಳಿಗಾಲದ ಬಿಡಾರ ಮಾಡಿದ್ದರು. ಅವರ ಕಾಳಿನ ಕಣಿವೆಗಳನ್ನು ಹೊಸಬರು ಆಕ್ರಮಿಸಿದ್ದರಿಂದ ಹಸಿವೂ ಕಳವೂ ಜಗಳವೂ ಹುಟ್ಟಿದ್ದವು. ಕರ್ನಲ್ ಕಾನರನ ಸೈನ್ಯವು ಬೆಳಗಿನ ಜಾವದಲ್ಲಿ ಮೇಲೆ ಬಿದ್ದು ಕೆಲವು ತಾಸುಗಳೊಳಗೆ ನೂರಾರು ಜನರನ್ನು ಕೊಂದಿತು. ಸತ್ತವರ ಸಂಖ್ಯೆಯನ್ನು ೨೫೦ರಿಂದ ೪೦೦ಕ್ಕೂ ಮೇಲೆ ಎಣಿಸುತ್ತಾರೆ. ಅವರಲ್ಲಿ ಸ್ತ್ರೀಯರೂ ಕೂಸುಗಳೂ ಬಹು ಮಂದಿ. ಬ್ರಿಟಿಷ್ ಇಂಡಿಯದ ಚರಿತ್ರೆಯಲ್ಲಿ ಕಾಣುವಂತೆಯೇ ಅಲ್ಲಿಯೂ ಗೆದ್ದವರು ಹೆಸರಿಡುವ ವಾಡಿಕೆ. ಅದನ್ನು ಬಹುಕಾಲ ಯುದ್ಧವೆಂದೇ ಕರೆದರು.

ಉಳಿದವರನ್ನು ಮೀಸಲು ಭೂಮಿಗಳಿಗೆ ಸೇರಿಸಲಾಯಿತು. ಪೂರ್ವದವರು ತಮ್ಮ ವಿವೇಕಿಯಾದ ನಾಯಕ ವಾಶಕಿಯ ಕೈಕೆಳಗೆ ವಿಂಡ್ ರಿವರ್ ಎಂಬ ಕಣಿವೆಯನ್ನು ಪಡೆದರು. ೧೮೮೩ರಲ್ಲಿ ವೇಲ್ಸ್ ದೇಶದವರಾದ ಜಾನ್ ರಾಬರ್ಟ್ಸ್ ಎಂಬ ಪಾದ್ರಿಗಳು ಅಲ್ಲಿಗೆ ಬಂದು, ವಾಶಕಿಯು ಕೊಟ್ಟ ನೆಲದಲ್ಲಿ ೧೮೯೦ರ ಸುಮಾರಿಗೆ ಶೋಶೋನಿ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ಕಟ್ಟಿಸಿದರು. ನಮ್ಮಂಥ ಶಾಲೆಯವರಿಗೆ ಇದು ಹತ್ತಿರದ ಸಂಗತಿ. ಅವರು ಆ ಜನರ ಭಾಷೆಯನ್ನು ಕಲಿತು ಪ್ರಾರ್ಥನೆಗಳನ್ನು ಅದಕ್ಕೆ ತಿರುಗಿಸಿದರು. ಆದರೆ ಆ ಕಾಲದ ಅಮೆರಿಕೆಯ ಅನೇಕ ವಸತಿಶಾಲೆಗಳಲ್ಲಿ, ಸರಕಾರದವುಗಳಲ್ಲಿಯೂ ಮಿಶನಿನವುಗಳಲ್ಲಿಯೂ, ಮಕ್ಕಳು ಸ್ವಭಾಷೆಯನ್ನಾಡಿದರೆ ಶಿಕ್ಷೆಯಿತ್ತೆಂಬದನ್ನು ನಾವು ಮರೆಮಾಚಬಾರದು. ಹುಡುಗಿಗೆ ಹೊಲಿಗೆಯೂ ಓದುಬರಹವೂ ಬಂದವು, ಅವು ಒಳ್ಳೆಯವೇ. ಆದರೆ ಅವಳು ಶಾಲೆಯಲ್ಲಿದ್ದ ಶರತ್ಕಾಲಗಳಲ್ಲಿ ಅಜ್ಜಿಯು ಒಬ್ಬಳೇ ಮೊರದಲ್ಲಿ ಕೆಂಡವನ್ನು ಕುಣಿಸಿದಳು. ತರಗತಿಯಲ್ಲಿ ಕಲಿತದ್ದಕ್ಕೆ ವಿದ್ಯೆಯೆಂದೂ ಬೆಟ್ಟದಲ್ಲಿ ಕಲಿಯಬೇಕಾಗಿದ್ದಕ್ಕೆ ಅಜ್ಞಾನವೆಂದೂ ಹೆಸರಿಟ್ಟ ಆ ತಪ್ಪನ್ನು ಕುರಿತು ನಮ್ಮ ಶಿಕ್ಷಕಿಯರೂ ವಿದ್ಯಾರ್ಥಿನಿಯರೂ ಆಲೋಚಿಸಬೇಕಾದದ್ದು ಬಹಳವಿದೆ. ನಮ್ಮ ಸೊಪ್ಪು ಮಾರುವವಳಿಗೆ ಗೊತ್ತಿರುವ ಗಿಡಗಳಲ್ಲಿ ಎಷ್ಟರ ಹೆಸರನ್ನು ನಾವು ಹೇಳಬಲ್ಲೆವು?

ಅಜ್ಜಿಯರ ಆ ಪಾಠವು ಪೂರ್ತಿ ನಿಂತುಹೋಗಲಿಲ್ಲ. ಈಗಲೂ ಶರತ್ಕಾಲದಲ್ಲಿ ಶೋಶೋನಿ ಸಂಸಾರಗಳು ಬಂಡಿಗಳ ಬದಲಿಗೆ ಮೋಟಾರುಗಳಲ್ಲಿ ಪಿನ್ಯೋನ್ ಬೆಟ್ಟಗಳಿಗೆ ಹೋಗುತ್ತಾರೆ; ಕೊಯ್ಲಿಗೆ ಮುಂಚೆ ಪ್ರಾರ್ಥನೆಯೂ ಉಂಟು. ಆ ಮರವನ್ನು ನೆವಾಡಾ ಸಂಸ್ಥಾನವು ೧೯೫೩ರಲ್ಲಿ ತನ್ನ ಲಾಂಛನದ ಮರವಾಗಿ ಆರಿಸಿಕೊಂಡಿತು. ಬೇರ್ ನದಿಯ ಬದಿಯಲ್ಲಿ ತಮ್ಮ ಹಿರಿಯರು ಸತ್ತ ನೆಲವನ್ನು ವಾಯವ್ಯದ ಶೋಶೋನಿಯರು ೨೦೧೮ರಲ್ಲಿ ತಮ್ಮ ಹಣ ಕೊಟ್ಟು ಕೊಂಡುಕೊಂಡರು. ಅಲ್ಲಿ ದಟ್ಟವಾಗಿ ಹಬ್ಬಿದ್ದ ಪರದೇಶದ ಮರಗಳನ್ನು ಕಿತ್ತುಹಾಕಿ, ಅವರ ಮುತ್ತಜ್ಜಿಯರು ಬಲ್ಲ ಗಿಡಗಳನ್ನು ನೆಡುವ ಕೆಲಸವನ್ನು ಆರಂಭಿಸಿದ್ದಾರೆ. ಹಾಗೆ ನೆಟ್ಟವುಗಳಲ್ಲಿ ಬುಟ್ಟಿ ಹೆಣೆಯುವ ನೀರವಂಜಿಯೂ ಒಂದು.